ಬೊಮ್ಮು ಗಾಡಿ ಚಾಲೂ ಮಾಡಿದ್ದು

ಹಟ್ಟಿಕೇರಿಯ ಬೊಮ್ಮುವಿಗೆ ಗದ್ದೆ ನಟ್ಟಿ ಗೊತ್ತಿತ್ತು, ತರಕಾರಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿ ಚೌಕಾಸಿ ಮಾಡುವವರ ಬಾಯಿ ಮುಚ್ಚಿಸುವುದೂ ಗೊತ್ತಿತ್ತು. ಸ್ಟೇರಿಂಗು ಮಾತ್ರ ಕೈಗೆ ಬಂದದ್ದು ನಲವತ್ತು ದಾಟಿದ ಮೇಲೆ. ಊರಿಗೆ ಕಸ ಒಯ್ಯುವ ಪುಟ್ಟ ಗಾಡಿ ಬರುತ್ತದೆ, ಸ್ವಸಹಾಯ ಸಂಘದ ಹೆಂಗಸರಲ್ಲಿ ಯಾರು ಓಡಿಸುತ್ತೀರಿ ಎಂದು ಪಂಚಾಯ್ತಿಯವರು ಕೇಳಿದಾಗ ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವಳು ಕೈ ಎತ್ತಿದಳು. ಎತ್ತಿದ ಕೈ ಇಳಿಸುವ ಪೈಕಿಯಲ್ಲ ಇವಳು.

ಕಾರವಾರಕ್ಕೆ ಕಲಿಯಲು ಹೋದ ಮೊದಲ ದಿನವೇ ಮರ್ಯಾದೆ ಹೋಯಿತು. ಗಾಡಿ ಗೇರಿನಲ್ಲಿದೆಯೋ ಇಲ್ಲವೋ ನೋಡದೆ ಕೀಲಿ ತಿರುಗಿಸಿದಳು. ಅದು ಕುಪ್ಪಳಿಸಿ ಬೇಲಿಗೆ ಗುದ್ದಿತು. ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತ್ತು. ಲೈಸೆನ್ಸು ಕೈಗೆ ಬಂದರೂ ಜನರ ನಗು ನಿಲ್ಲಲಿಲ್ಲ.

ಕೊನೆಗೆ ಪಂಚಾಯ್ತಿ ಅಧ್ಯಕ್ಷೆ ಜಾನಕಿಯೂ ಹೇಳಿಬಿಟ್ಟಳು: "ನೋಡ್ ಬೊಮ್ಮು, ಗಾಡಿ ಪೂಜೆ ದಿನ ಊರ ಮುಂದೆ ನೀನೇ ಚಾಲೂ ಮಾಡಿ ಒಂದ್ ಸುತ್ತು ಹೊಡ್ಕಂಡು ಬಾ. ಆಗ್ಲಿಲ್ಲ ಅಂದ್ರೆ ರಿಕ್ಷಾ ಸುನಿಲನ ಕೈಗೆ ಕೊಡೂದೇ."

ಪೂಜೆಯ ಬೆಳಿಗ್ಗೆ ಇಡೀ ಕೇರಿ ಸೇರಿತು. ಗಾಡಿಗೆ ಅಬ್ಬಲಿಗೆ ಮಾಲೆ, ಚಕ್ರದಡಿ ಲಿಂಬೆಹಣ್ಣು. ಹತ್ತಿ ಕೂತು ಫೋಟೋ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ನಮ್ಮ ಪದ್ಧತಿ ಹೀಗೆ: ಓಡಿಸುವವರ ಮನೆಯ ಹಿರಿಯರು ಗಾಡಿಯ ಮೂತಿಯೆದುರೇ ಕಾಯಿ ಒಡೆಯಬೇಕು, ಆ ಶಬ್ದಕ್ಕೇ ಗಾಡಿ ಚಾಲೂ ಆಗಬೇಕು. ತಡವಾದರೆ ಅಪಶಕುನವಂತೆ. ಅಪಶಕುನಕ್ಕೆ ನಡುಗುವ ನಮಗೆ ಗಾಡಿಯ ಮೂತಿಗೆ ಮಾತ್ರ ಹೆದರಿಕೆಯಿಲ್ಲ ನೋಡಿ! ಬೊಮ್ಮುವಿನ ಅತ್ತೆ ಹೊನ್ನು, ಕೊರಳ ತುಂಬ ಮಣಿಸರ ಹಾಕಿಕೊಂಡು, ಬಂಪರಿಗೆ ತಾಗುವಷ್ಟು ಹತ್ತಿರ ಬಗ್ಗಿ ನಿಂತಳು.

"ಚಾಲೂ ಮಾಡೇ!" ಹಿಂದಿನಿಂದ ಕೂಗು.

ಬೊಮ್ಮುವಿನ ಬಲಗೈ ಕೀಲಿಯ ಮೇಲಿತ್ತು. ಎಡಗೈಯಲ್ಲಿ ಗೇರನ್ನು ಅತ್ತಿತ್ತ ಆಡಿಸಿ ನೋಡಿದಳು. ಆಡಲಿಲ್ಲ. ಗಾಡಿ ಗೇರಿನಲ್ಲಿತ್ತು, ಹ್ಯಾಂಡ್‌ಬ್ರೇಕೂ ಇಳಿದಿತ್ತು. ಎದುರಿಗೆ ಅತ್ತೆಯ ಬಗ್ಗಿದ ತಲೆ.

"ಅತ್ತೇ, ನಿಲ್ಲು! ಕಾಯಿ ಒಡೀಬೇಡ, ಬದಿಗೆ ಸರಿ!"

"ಎಂತಾ ಆಯ್ತೆ ನಿಂಗೆ, ಒಳ್ಳೇ ಹೊತ್ತಲ್ಲಿ?" ಹೊನ್ನು ಸಿಡುಕಿದಳು.

"ಬೇಲಿ ನೆನಪಾಯ್ತಾ ಬೊಮ್ಮಕ್ಕ?" ಸುನಿಲ ಕಿಸಕ್ಕನೆ ನಕ್ಕ.

"ಹೌದು, ನೆನಪಾಯ್ತು. ಅದ್ಕೇ ಹೇಳೂದು. ಗಾಡಿ ಗೇರಲ್ಲುಂಟು. ಕೀಲಿ ತಿರುಗ್ಸಿದ್ರೆ ಅತ್ತೆ ಮೈಮೇಲೇ ಹೋಗ್ತಿತ್ತು. ಕಡೆಗೆ ಕೂತು ಆಟ ಆಡಿದ್ದು ಯಾರು?"

ಸುನಿಲನ ನಗು ಅರ್ಧಕ್ಕೇ ನಿಂತಿತು. ಕಡೆಯ ಫೋಟೋ ಅವನದೇ. ಹೊನ್ನು ಒಮ್ಮೆ ಬಂಪರನ್ನು, ಒಮ್ಮೆ ಸೊಸೆಯನ್ನು ನೋಡಿ ಬದಿಗೆ ಸರಿದಳು.

ಇನ್ನು ಅವಸರ ಯಾರಿಗೆ? ಬೊಮ್ಮು ಹ್ಯಾಂಡ್‌ಬ್ರೇಕು ಎಳೆದಳು, ಗೇರನ್ನು ನ್ಯೂಟ್ರಲ್‌ಗೆ ತಂದಳು. ಇಳಿದು, ಕನ್ನಡಿ ಮುಚ್ಚಿದ್ದ ಮಾಲೆ ಸರಿಸಿ, ಗಾಡಿಗೆ ಒಂದು ಸುತ್ತು ಬಂದು, ನೆರಳಿಗೆಂದು ಅಡಿಯಲ್ಲಿ ಮಲಗಿದ್ದ ನಾಯಿಯನ್ನು ಎಬ್ಬಿಸಿದಳು. ಇದೂ ಪ್ರದಕ್ಷಿಣೆಯೇ ಇರಬೇಕೆಂದು ನಾಲ್ಕು ಜನ ಕೈ ಮುಗಿದರು. ಹೊನ್ನು ಬದಿಯ ಕಲ್ಲಿಗೆ ಕಾಯಿ ಒಡೆದಳು. ಬೊಮ್ಮು ಕ್ಲಚ್ಚು ಒತ್ತಿ ಕೀಲಿ ತಿರುಗಿಸಿದಳು. ಗಾಡಿ ಕುಪ್ಪಳಿಸಲಿಲ್ಲ, ಗುರ್ ಎಂದು ನಿಂತಲ್ಲೇ ಜೀವ ತಳೆಯಿತು. ಗೇರು ಹಾಕಿ ಮುಂದೆ ಬಿಟ್ಟಾಗ ಲಿಂಬೆಹಣ್ಣು ಅಪ್ಪಚ್ಚಿಯಾಯಿತು. ಅವಳು ಏರು ಹತ್ತಿಸಿ, ಕೇರಿ ಸುತ್ತಿಸಿ ಹಾರ್ನು ಹೊಡೆಯುತ್ತ ಬಂದಾಗ ಸಂಘದ ಹೆಂಗಸರು ಕುಣಿದೇಬಿಟ್ಟರು. ಅವಳ ಖುಷಿ ಹೇಳತೀರದು.

"ಕೀಲಿ ನನ್ ಸೊಸೆ ಹತ್ರೇ ಇರ್ಲಿ ಜಾನಕಮ್ಮ," ಎಂದಳು ಹೊನ್ನು. ಜಾನಕಿ ಹಾಗೇ ಆಗಲಿ ಎಂದಳು.

ಈಗ ಕೇರಿಗೆ ಹೊಸ ಗಾಡಿ ಬಂದರೆ ಬೊಮ್ಮುವನ್ನು ಕರೆಯದೆ ಪೂಜೆಯಿಲ್ಲ. ಕಳೆದ ತಿಂಗಳು ಸುನಿಲ ಹೊಸ ರಿಕ್ಷಾ ತಂದ. ಕೀಲಿ ಹಿಡಿದು ಸೀದಾ ಅವಳ ಅಂಗಳಕ್ಕೇ ಬಂದ.

"ಬೊಮ್ಮಕ್ಕ, ನೀನೇ ಚಾಲೂ ಮಾಡ್ಕೊಡು."

ಬೊಮ್ಮು ಸೆರಗು ಬಿಗಿದು ಎದ್ದಳು. "ಬತ್ತೆ ನಡಿ. ಮೊದ್ಲು ನಿನ್ನ ಅವ್ವಿಗೆ ಬದಿಗೆ ನಿಲ್ಲೂಕೆ ಹೇಳು."