ಚಿಕ್ಕೋಡಿಯಲ್ಲಿ ನಾನು ಕಟ್ಟದ ಚೀಲ

ಚಿಕ್ಕೋಡಿಯಲ್ಲಿ ನನ್ನ ಮೊದಲ ಆಪರೇಷನ್ ಮುಗಿದು ಬಾಗಿಲು ತೆರೆದಾಗ, ರೋಗಿಯ ಕಡೆಯವರೆಲ್ಲ ನನ್ನ ಕೈಯಲ್ಲಿದ್ದ ಟ್ರೇಗೆ ಮುತ್ತಿಕೊಂಡರು. "ಖಡೇ ಎಷ್ಟ ಸಿಕ್ಕಾವ್ರಿ, ಸಿಸ್ಟರ್?" ನಾನು ಕಕ್ಕಾಬಿಕ್ಕಿಯಾದೆ. ಖಡೇ ಎಂದರೆ ಪಿತ್ತಕೋಶದ ಹರಳು, ಮರಾಠಿಯಿಂದ ಬಂದ ಮಾತು. ಸಣ್ಣ ತೂತಿನಿಂದ ಮಾಡುವ ಲ್ಯಾಪರೊಸ್ಕೋಪಿಗೆ ಇಲ್ಲಿ ದುರ್ಬೀನ ಆಪರೇಷನ್. ಮೈಸೂರಿನಲ್ಲಿ ನರ್ಸಿಂಗ್ ಕಲಿತ ನಾನು ಕನ್ನಡದ ಊರಿಗೇ ಬಂದು ಕನ್ನಡ ಕಲಿಯಬೇಕಾಯಿತು.

ಕೋಣೆ ಬಾಡಿಗೆಗೆ ಕೊಟ್ಟವರು ಬೇಡಕಿಹಾಳದ ಸುಶೀಲಕ್ಕ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ನಾನು ಮುದ್ದೆ ಮಾಡಿದರೆ, "ಜಗೀಲಾರದ ನುಂಗೂದೇನವಾ?" ಎಂದು ಬಿದ್ದು ಬಿದ್ದು ನಗುತ್ತಿದ್ದರು. ನಾನು ಬಡಿದ ಹರಕು ರೊಟ್ಟಿಯನ್ನು ತಾವು ತಿಂದು, ತಾವು ಬಡಿದದ್ದನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಅವರಿಲ್ಲದಿದ್ದರೆ ನಾನು ತಿಂಗಳೊಳಗೆ ಗಂಟುಮೂಟೆ ಕಟ್ಟುತ್ತಿದ್ದೆ.

ಮೈಸೂರಿನಲ್ಲಿ, ಕೊಯ್ದ ಭಾಗವನ್ನು ಹೊಟ್ಟೆಯೊಳಗೇ ಒಂದು ಚೀಲಕ್ಕೆ ಹಾಕಿ ತೂತಿನಿಂದ ಎಳೆಯುತ್ತಿದ್ದರು. ಅದರಲ್ಲಿ ಕ್ಯಾನ್ಸರ್ ಅಡಗಿದ್ದರೆ ಗಾಯದ ಅಂಚಿಗೆ ಅಂಟಬಾರದಲ್ಲ. ಚೀಲ ದುಬಾರಿ. ಅದಕ್ಕೇ ಹೊಸ ಗ್ಲೌಸಿನ ಬೆರಳುಗಳ ಬುಡಕ್ಕೆ ದಾರ ಬಿಗಿದು, ಬೆರಳು ಕತ್ತರಿಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ಮೊದಲ ವಾರವೇ ಅದನ್ನು ಹೇಳಹೊರಟೆ: "ಸಾರ್, ನಮ್ಮಲ್ಲಿ ಹೀಗೆ..."

ಡಾಕ್ಟರು ನಕ್ಕರು. "ಸಿಸ್ಟರ್, ನಿಮ್ಮ ಮೈಸೂರ ಪದ್ಧತಿ ಮೈಸೂರಾಗ ಇರ್ಲಿ."

ಥಿಯೇಟರಿನಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ 'ನಮ್ಮಲ್ಲಿ' ಎನ್ನುವುದನ್ನೇ ಬಿಟ್ಟೆ. ಹೊಂದಿಕೊಂಡಳು ಎಂದು ಜನ ಮೆಚ್ಚಿದರು, ನಾನೂ ಬೀಗಿದೆ.

ಮರುವರ್ಷ ಸುಶೀಲಕ್ಕನಿಗೇ ಖಡೇ ಆಪರೇಷನ್. "ಲಗೂನ ಸಾಲಿಗೆ ಹೋಗಬೇಕ ನೋಡವಾ, ಹುಡುಗೂರ ಉಪಾಸ ಬೀಳತಾವ" ಎನ್ನುತ್ತಲೇ ಮಲಗಿದರು. ಪರದೆಯ ಮೇಲೆ ಪಿತ್ತಕೋಶ ಎಂದಿನಂತಿರಲಿಲ್ಲ. ದಪ್ಪವಾಗಿ, ಬೆಳ್ಳಗೆ ಬಿಗಿದುಕೊಂಡಿತ್ತು. ನನ್ನ ಕೈ ಗ್ಲೌಸಿನ ಪೊಟ್ಟಣದತ್ತ ಹೋಯಿತು. ಬಾಯಿಗೆ ಬಂದ ಮಾತು ಮತ್ತೆ 'ನಮ್ಮಲ್ಲಿ' ಎಂದೇ ಶುರುವಾಗುತ್ತಿತ್ತು. ನುಂಗಿಕೊಂಡೆ. ಪಿತ್ತಕೋಶ ಹೊಕ್ಕುಳ ಬಳಿಯ ತೂತಿನಲ್ಲಿ ಸಿಕ್ಕಿಕೊಂಡಿತು, ಎಳೆದಾಗ ಹರಿದು ಪಿತ್ತ ಸೋರಿತು.

ಲ್ಯಾಬಿನಿಂದ ಕ್ಯಾನ್ಸರ್ ಎಂದು ಬಂತು. ಕೆಲವೇ ತಿಂಗಳಲ್ಲಿ ಹೊಕ್ಕುಳದ ಆ ಗಾಯದಲ್ಲೇ ಗಂಟು ಕಾಣಿಸಿತು. ಹೊರತೆಗೆಯುವಾಗ ಅಂಟಿರಬಹುದು ಎಂದರು, ಆಮೇಲೆ ತೋರಿಸಲು ಹೋದ ಮಿರಜಿನ ಕ್ಯಾನ್ಸರ್ ಡಾಕ್ಟರು. ಚೀಲವಿದ್ದಿದ್ದರೆ ಸುಶೀಲಕ್ಕ ಬದುಕುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಆದರೆ ಎರಡು ನಿಮಿಷದ ಕೆಲಸ ಅದು. ಮತ್ತೆ ನಕ್ಕಾರೆಂದು ನಾನು ಮಾಡಲಿಲ್ಲ.

ಈಗ ಪ್ರತಿ ಆಪರೇಷನ್ನಿಗೂ ಮೊದಲು, ಯಾರನ್ನೂ ಕೇಳದೆ, ಚೀಲ ಕಟ್ಟಿಡುತ್ತೇನೆ. ಡಾಕ್ಟರೂ ಸುಮ್ಮನೆ ಕೈ ಚಾಚುತ್ತಾರೆ. ಅಮ್ಮ ಮಾತ್ರ ಫೋನಿನಲ್ಲಿ, "ನಿನ್ನ ಮಾತೇ ಬದಲಾಗಿದೆ ಕಣೇ, ಸಾಕು ಬಂದುಬಿಡು" ಎನ್ನುತ್ತಾಳೆ. ಅಲ್ಲಿಗೆ ಹೋದರೆ ಎರಡೇ ದಿನಕ್ಕೆ ಬೇಸರ. ಇಲ್ಲಿ ಕೋಣೆ ಬದಲಿಸಿದ್ದೇನೆ, ಸುಶೀಲಕ್ಕನ ಮನೆಯ ಓಣಿ ತಪ್ಪಿಸಿ ಸುತ್ತಿ ಬಳಸಿ ನಡೆಯುತ್ತೇನೆ.

ಕೊನೆಯ ದಿನಗಳಲ್ಲಿ ಡ್ರೆಸ್ಸಿಂಗ್ ಮಾಡುವಾಗ ಅವರು ಕೇಳಿದ್ದರು: "ಈ ಗಂಟ ಇಲ್ಲೇ ಯಾಕ ಬಂತವಾ? ನೀ ಅಲ್ಲೇ ಇದ್ದೆಲ್ಲ, ನಿನಗ ಗೊತ್ತಿರತೈತಿ."

ನಾನು ತಲೆ ಎತ್ತದೆ, ಥೇಟ್ ಚಿಕ್ಕೋಡಿಯವಳ ಹಾಗೆ, ಹೇಳಿದೆ: "ನಂಗೇನ ಗೊತ್ತಿಲ್ರಿ, ಅಕ್ಕಾ."