ಒಂದೇ ಕೌದಿಯೊಳಗೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಇಬ್ಬರು ಕುಂಟುತ್ತಾರೆ. ಒಬ್ಬರು ನನ್ನ ಅತ್ತೆ, ಇನ್ನೊಬ್ಬಳು ಎರಡನೇ ತರಗತಿಯ ನನ್ನ ಮಗಳು. ಅತ್ತೆಯದು ವಯಸ್ಸಿನ ಮೊಣಕಾಲು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬೆಳಿಗ್ಗೆ ಗೋಡೆ ಹಿಡಿದು ನಡೆಯುವ ಹುಡುಗಿ ಸಂಜೆ ಓಣಿಯಲ್ಲಿ ಓಡಾಡಿಕೊಂಡಿದ್ದರೆ ಬ್ಯಾಡಗಿಯ ಮಂದಿ ಸುಮ್ಮನಿರುತ್ತಾರೆಯೇ? "ಸಾಲಿ ತಪ್ಪಸಾಕ ನಾಟಕ ಮಾಡತಾಳ ತಗೋರಿ," ಎಂದು ಪಕ್ಕದ ಮನೆಯಾಕೆ ತೀರ್ಪು ಕೊಟ್ಟೇಬಿಟ್ಟಳು. ನಾಟಕ ಮಾಡುವವರ ಮೊಣಕಾಲು ಬಾತು ಬಿಸಿಯಾಗುತ್ತದೆಯೇ ಎಂದು ನಾನೂ ಬಾಯಿ ಮಾಡಿದೆ.

ಹಾವೇರಿಯ ಮಕ್ಕಳ ಡಾಕ್ಟರು ನಮ್ಮನ್ನು ಹುಬ್ಬಳ್ಳಿಗೆ ಕಳಿಸಿದರು. ಸಂಧಿವಾತ ಮಕ್ಕಳಿಗೂ ಬರುತ್ತದೆ ಎಂದು ಗೊತ್ತಾದದ್ದು ಅಲ್ಲಿ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುತ್ತದಂತೆ. ರಾತ್ರಿಯೆಲ್ಲ ಅಲುಗಾಡದ ಕೀಲು ಬೆಳಿಗ್ಗೆ ಬಿಗಿದಿರುತ್ತದೆ, ಓಡಾಡಿದಂತೆ ಸಡಿಲಾಗುತ್ತದೆ. ವಾರಕ್ಕೊಮ್ಮೆ ಗುಳಿಗೆ, ಎದ್ದ ಕೂಡಲೇ ಬಿಸಿನೀರಿನ ಸ್ನಾನ, ಕಾಲು ಚಾಚುವ ವ್ಯಾಯಾಮ. ಮಲಗಿಸಿಡಬೇಡಿ, ಆಡಲು ಬಿಡಿ ಎಂದರು ಅಲ್ಲಿನ ಡಾಕ್ಟರು. ಈ ರೋಗ ಸದ್ದಿಲ್ಲದೆ ಕಣ್ಣಿಗೂ ಇಳಿಯಬಹುದಂತೆ. ಅದಕ್ಕಾಗಿ ರಾಣೇಬೆನ್ನೂರಿನ ಕಣ್ಣಿನ ಡಾಕ್ಟರಿಗೆ ಆಗಾಗ ತೋರಿಸಬೇಕು. ಮೆಣಸಿನಕಾಯಿ ಪೇಟೆಯಿಂದ ಸೀನುತ್ತ ಬಂದ ನನ್ನ ಗಂಡ, "ಕಾಲು ನೋವಂದ್ರ ಕಣ್ಣು ನೋಡತಾರ. ನಾಳೆ ಹಲ್ಲು ನೋವಂದ್ರ ಕಿವಿ ನೋಡತಾರೇನು?" ಎಂದ. ಮಗಳು ಬಿದ್ದು ಬಿದ್ದು ನಕ್ಕಳು.

ನಗದೇ ಇದ್ದವರು ಅತ್ತೆ ಒಬ್ಬರೇ. ಅವರು ಮಗಳ ದಿಂಬನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟರು. ನನ್ನ ಮಗಳು ಎದೆಹಾಲು ಬಿಟ್ಟಾಗಿನಿಂದ ಮಲಗಿದ್ದು ಅಜ್ಜಿಯ ಕೌದಿಯೊಳಗೆ. ಹಳೆಯ ಸೀರೆಗಳ ತುಂಡು ಜೋಡಿಸಿ ಅತ್ತೆಯೇ ಹೊಲಿದ ಕೌದಿ ಅದು. ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವರು, "ನನ್ನ ಬ್ಯಾನಿನ ಕೂಸಿಗೆ ಹತ್ತೇತಿ. ಒಂದ ಕೌದ್ಯಾಗ ಮಲಗಿಸಿಕೊಂಡು ನಾನ ಹಾಳು ಮಾಡಿದ್ನಿ," ಎಂದರು.

ಅಂಟುವ ರೋಗ ಇದಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಮಗಳು ಹತ್ತಿರ ಹೋದರೆ ಅತ್ತೆ ಎದ್ದು ಹಿತ್ತಲಿಗೆ ನಡೆಯುವರು. ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ಗುಳಿಗೆ ಹಿಡಿದು ಮೊಣಕಾಲಿನ ಬಾವು ಇಳಿಯುತ್ತಿದ್ದರೂ ಮಗಳ ಮುಖ ಬಾಡುತ್ತ ಹೋಯಿತು. ವ್ಯಾಯಾಮ ಎಂದರೆ ಮುಸುಕು ಎಳೆದುಕೊಳ್ಳುವಳು. ಏನಾಯಿತು ಎಂದರೆ ಹೇಳಳು.

ಮುಂದಿನ ತಪಾಸಣೆಗೆ ಅತ್ತೆಯನ್ನೂ ಹಟ ಹಿಡಿದು ಹಾವೇರಿ ಬಸ್ಸು ಹತ್ತಿಸಿದೆ. ಮೊದಲು ನೋಡಿದ್ದ ಮಕ್ಕಳ ಡಾಕ್ಟರೇ ಎಲ್ಲವನ್ನೂ ಬಿಡಿಸಿ ಹೇಳಿದರು. ಇವರೆಲ್ಲ ತನ್ನ ಸಮಾಧಾನಕ್ಕೆ ಹೇಳುವವರು ಎಂಬಂತೆ ಅತ್ತೆ ಫ್ಯಾನು ನೋಡುತ್ತ ಕುಳಿತರು. ಕೊನೆಗೆ ಡಾಕ್ಟರು ಮಗಳ ಕಡೆ ತಿರುಗಿ, "ನಿನಗೇನರ ಕೇಳೂದೈತೇನವಾ?" ಎಂದರು.

ಅವಳು ಅಜ್ಜಿಯತ್ತ ಒಮ್ಮೆ ನೋಡಿ ಮೆಲ್ಲಗೆ ಕೇಳಿದಳು: "ನನ್ನ ಬ್ಯಾನಿ ಅಜ್ಜಿಗೆ ಹತ್ತತೈತೇನ್ರಿ? ಆಕಿ ಹೆದರ್ಯಾಳ. ಅದಕ್ಕ ನನ್ನ ಸನೇಕ ಬಿಟಗೊಳ್ಳಂಗಿಲ್ಲ."

ಮೊಣಕಾಲಿಗೆ ಕೈಯನ್ನೂ ಊರದೆ ಅತ್ತೆ ಎದ್ದು ನಿಂತಿದ್ದರು. "ಹುಚ್ಚಿ, ನಿನಗ ಯಾಕ ಹೆದರಲೇ ನಾನು..." ಎನ್ನುತ್ತ ಮೊಮ್ಮಗಳನ್ನು ಬಾಚಿ ಎದೆಗವಚಿಕೊಂಡರು.

"ಇಬ್ಬರೂ ಒಂದ ಕೌದ್ಯಾಗ ಮಲಗ್ರಿ. ಬೇಕಾದ್ರ ಚೀಟಿ ಬರದು ಕೊಡತೀನಿ," ಎಂದು ಡಾಕ್ಟರು ನಕ್ಕರು.

"ಬರದು ಕೊಡ್ರಿ," ಎಂದರು ಅತ್ತೆ ಮೂಗು ಒರೆಸಿಕೊಳ್ಳುತ್ತ. "ಬಾಜೂ ಮನಿಯಾಕಿಗೂ ತೋರಸತೀನಿ."

ಈಗ ಬೆಳಿಗ್ಗೆ ಕೌದಿಯೊಳಗಿನಿಂದಲೇ ವ್ಯಾಯಾಮದ ಗದ್ದಲ ಶುರು. ಇವತ್ತು ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಗದರುತ್ತಿದ್ದಳು.

"ಅಜ್ಜಿ, ಕಾಲು ಪೂರಾ ಚಾಚು. ಕಳ್ಳಾಟ ಆಡಬ್ಯಾಡ."

"ಸಾಕವಾ ಇವತ್ತಿಗೆ."

"ಸಾಕಂದ್ರ ನಾ ಅವ್ವನ ಹಾಸಿಗ್ಯಾಗ ಮಲಗತೀನಿ ನೋಡು."

ಅತ್ತೆ ಎರಡೂ ಕಾಲು ಚಾಚಿದರು.