ಮುವಾರಾ ಗಲ್ಲಿಯ ಬಾಣ

ಯುಲ್ಮಾಯ್ನಿಯ ಹತ್ತಿರ ಮದುವೆ ಕರೆಯೋಲೆ ಮಾಡಿಸಲು ಬಂದವರು ಮೊದಲು ನಗುತ್ತಾರೆ, ಆಮೇಲೆ ಸಿಡಿಮಿಡಿಗೊಳ್ಳುತ್ತಾರೆ. ಕರೆಯೋಲೆಯ ಹಿಂದುಗಡೆ ಮದುವೆಮನೆಗೆ ದಾರಿ ತೋರಿಸುವ ಚಿಕ್ಕ ನಕ್ಷೆ ಬೇಕಲ್ಲ? ಬಸ್‌ಸ್ಟಾಪಿನಿಂದ ಒಂದು ತುಂಡುಗೆರೆ, ಗೆರೆಯ ತುದಿಗೊಂದು ಬಾಣ. ಕಂಪ್ಯೂಟರಿನಲ್ಲಿ ಐದು ನಿಮಿಷದ ಕೆಲಸ. ಅವಳು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾಳೆ. ಬಸ್‌ಸ್ಟಾಪಿನಿಂದ ಆ ಮನೆಯ ಬಾಗಿಲವರೆಗೆ ನಡೆದು, ಬಾಗಿಲನ್ನು ಕೈಯಿಂದ ಮುಟ್ಟಿ, ವಾಪಸು ಬಂದ ಮೇಲೆಯೇ ಬಾಣ ಹಾಕುವುದು.

"ಏನ್ ಉನಿ, ಮದುವೆಮನೇಲಿ ರೆಂದಾಂಗ್ ಮಾಂಸ ಬೆಂದಿದೆಯಾ ಅಂತ ನೋಡೋಕ್ ಹೋಗಿದ್ರಾ?" ಎಂದು ಗಿರಾಕಿಗಳು ಕೆಣಕುತ್ತಾರೆ. ಉನಿ ಎಂದರೆ ಅಕ್ಕ. ಊರಿಗೆಲ್ಲ ಅವಳು ಉನಿ ಯುಲ್.

"ಬೆಂದಿಲ್ಲ. ನಿಮ್ಮ ಮದುವೆ ದಿನ ಎರಡು ತಟ್ಟೆ ತಿಂತೀನಿ, ಲೆಕ್ಕ ಸರಿಹೋಗತ್ತೆ" ಎನ್ನುತ್ತಾಳೆ.

ನಾನು ನಗುವುದಿಲ್ಲ. ನಾನು ಜುಫ್ರಿ, ಅದೇ ಅಂಗಡಿಯಲ್ಲಿ ಬ್ಯಾನರ್ ಮುದ್ರಿಸುವ ಮೆಷಿನ್ ನೋಡಿಕೊಳ್ಳುವವನು. ಅವಳಿಗೆ ಈ ಗೀಳು ಹತ್ತಿದ್ದು ಯಾವ ದಿನ ಎಂದು ನನಗೆ ಗೊತ್ತು. ಆ ದಿನದ ತಪ್ಪಿನಲ್ಲಿ ನನ್ನದೂ ಪಾಲಿದೆ.

ಕಂಪ್ಯೂಟರ್ ಮುಟ್ಟುವ ಮೊದಲು ಯುಲ್ ಕಸೂತಿಯವಳು. ತಾಯಿಯ ಅಕ್ಕ ರವಾನಿ ಅವಳನ್ನು ಸಾಕಿ, ಕೈಗೆ ಸೂಜಿ ಕೊಟ್ಟವಳು. ದೊಡ್ಡಮ್ಮನಿಗೆ ನಮ್ಮಲ್ಲಿ ಮಾಕ್ ತುವೊ ಎನ್ನುವುದು. ನಮ್ಮ ಕಡೆ ತಾಯಿಯ ಅಕ್ಕನೂ ತಾಯಿಯೇ, ತಂಗಿಯ ಮಗಳೂ ಸ್ವಂತ ಮಗಳೇ. ಹೂವಿನ ಎಳೆ ಯಾವಾಗಲೂ ನಡುವಿನಿಂದ ಶುರುವಾಗಬೇಕು, ಗಂಟು ಅಲ್ಲೇ ಅಡಗಬೇಕು ಎಂದು ಮಾಕ್ ತುವೊ ಬೆರಳ ಮೇಲೆ ಹೊಡೆದು ಕಲಿಸಿದ್ದಳು. ಆಮೇಲೆ ಜ್ವರ ಬಂದು ಮಾಕ್ ತುವೊಳ ಕಿವಿ ಎರಡೂ ಹೋದವು. ಯುಲ್ ಸೂಜಿ ಬಿಟ್ಟು ಮೌಸ್ ಹಿಡಿದಳು. ಕೈಯ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಊರಿನ ಕಚೇರಿಯವರು ಹನ್ನೆರಡು ಬೋರ್ಡುಗಳ ಕೆಲಸ ಕೊಟ್ಟಾಗ ಆ ಅಭ್ಯಾಸವೇ ಕೈಕೊಟ್ಟಿತು. ಭೂಮಿ ನಡುಗಿದರೆ ಸಮುದ್ರ ಏರಿ ಬರುವ ಮುನ್ನ ಯಾವ ಗಲ್ಲಿಯವರು ಯಾವ ದಾರಿಯಲ್ಲಿ ಗುಡ್ಡದ ಮಸೀದಿಗೆ ಓಡಬೇಕು ಎಂದು ತೋರಿಸುವ ನಕ್ಷೆ ಅದು. ಗಲ್ಲಿಗೊಂದು ಬೋರ್ಡು, ಹಸಿರು ತುಂಡುಗೆರೆ. ಯುಲ್ ಹೂವಿನ ದಳ ಎಳೆದಂತೆ ಹನ್ನೆರಡು ಗೆರೆಗಳನ್ನೂ ಗುಡ್ಡದಿಂದ ಶುರುಮಾಡಿ ಸಮುದ್ರದ ಕಡೆಗೆ ಎಳೆದಳು. ಕಂಪ್ಯೂಟರಿಗೆ ಗುಡ್ಡವೂ ಗೊತ್ತಿಲ್ಲ, ಸಮುದ್ರವೂ ಗೊತ್ತಿಲ್ಲ. ಗೆರೆ ಎಲ್ಲಿ ಮುಗಿಯಿತೋ ಅಲ್ಲಿ ಬಾಣ ಕೂರಿಸಿಬಿಡುತ್ತದೆ. ಹನ್ನೆರಡು ಬಾಣಗಳೂ ನೀರಿನ ಕಡೆ ತಿರುಗಿ ನಿಂತಿದ್ದವು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ತಲೆ ಚಚ್ಚಿಕೊಂಡು, ಒಂದೊಂದೇ ಗೆರೆ ಆರಿಸಿ ಅದರ ದಿಕ್ಕು ತಿರುಗಿಸುತ್ತಾ ಬಂದಳು. ಕೊನೆಯದು ಮುವಾರಾ ಗಲ್ಲಿ, ಅಳಿವೆಯ ಪಕ್ಕದ್ದು. ಅದನ್ನು ತಿರುಗಿಸಿದ್ದೇ ತಡ, ಕರೆಂಟು ಹೋಯಿತು. ಬಂದ ಮೇಲೆ, ತಿರುಗಿಸಿದ್ದು ಉಳಿದಿಲ್ಲ ಅಂದುಕೊಂಡು ಮತ್ತೊಮ್ಮೆ ತಿರುಗಿಸಿದಳು. ಅದು ಉಳಿದಿತ್ತು. ಎರಡು ಸಲ ತಿರುಗಿದ ಗೆರೆ ಮೊದಲಿನ ಹಾಗೇ ಆಯಿತು. ಬಾಣ ಸೇತುವೆಯ ಹೆಸರಿನ ಪಕ್ಕದಲ್ಲಿ ಅರ್ಧ ಮರೆಯಾಗಿತ್ತು, ಯಾರೂ ನೋಡಲಿಲ್ಲ. ಮುದ್ರಿಸಿದವನು ನಾನೇ, ನನಗೂ ಕಾಣಲಿಲ್ಲ. ಬೋರ್ಡು ನೆಟ್ಟ ದಿನ ಮದುವೆ ಸೀಸನ್, ಕೆಲಸದ ರಾಶಿ; ನಾವಿಬ್ಬರೂ ಹೋಗಿ ನೋಡಲಿಲ್ಲ.

ಏಳು ತಿಂಗಳ ಮೇಲೆ ಒಂದು ಗುರುವಾರ ಬೆಳಿಗ್ಗೆ ಮುವಾರಾ ಗಲ್ಲಿಯಿಂದಲೇ ಒಂದು ಕರೆಯೋಲೆಯ ಕೆಲಸ ಬಂತು. ಯುಲ್ ಹಳೆಯ ನಕ್ಷೆಯನ್ನೇ ತೆಗೆದು, ಸೇತುವೆಯ ಹೆಸರನ್ನು ಪಕ್ಕಕ್ಕೆ ಸರಿಸಿದಳು. ಕೈ ಅಲ್ಲೇ ನಿಂತಿತು.

"ಜುಫ್ರಿ, ಇಲ್ಲಿ ಬಾ. ಈ ಬಾಣ ಯಾವ ಕಡೆ ಇದೆ?"

ನೋಡಿದೆ. ಮೀನು ಒಣಹಾಕುವ ಅಂಗಳದಿಂದ ಸೇತುವೆ ದಾಟಿ, ಅಳಿವೆಯ ಮರಳದಿಣ್ಣೆಯ ತುದಿಗೆ, ನೇರ ಸಮುದ್ರದ ಬಾಯಿಗೆ ಬಾಣ.

"ಆ ಬೋರ್ಡನ್ನ ಯಾರು ಓದ್ತಾರೆ ಉನಿ? ಬಲೆ ಒಣಗಿಸೋಕೆ ಒಳ್ಳೆ ಕಂಬ ಆಗಿದೆ ಅಷ್ಟೆ" ಎಂದೆ. ನನಗೇ ಧೈರ್ಯ ಹೇಳಿಕೊಳ್ಳುತ್ತಿದ್ದೆ.

"ಮಾಕ್ ತುವೊ ಓದ್ತಾಳೆ."

ಆಗ ನೆನಪಾಯಿತು. ಬೋರ್ಡು ನಿಂತಿದ್ದ ಆ ಅಂಗಳದ ಪಕ್ಕದಲ್ಲೇ ಅವಳ ಮನೆ. ಯುಲ್ ಅಲ್ಲಿಗೆ ಹೋಗಿಬರುತ್ತಿದ್ದರೂ ತಾನೇ ಮಾಡಿದ ಬೋರ್ಡನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಸೈರನ್ ಕೇಳಿಸದು, ಕೂಗು ಕೇಳಿಸದು. ಅದಕ್ಕೇ ಯುಲ್ ಅವಳಿಗೊಂದು ಚೀಟಿ ಬರೆದು ಕೊಟ್ಟಿದ್ದಳು: ನೆಲ ನಡುಗಿದರೆ ಯಾರಿಗೂ ಕಾಯಬೇಡ, ಬೋರ್ಡಿನ ಬಾಣ ತೋರಿಸಿದ ಕಡೆ ಹೋಗು.

ಯುಲ್ ಎದ್ದು ನಿಂತಳು. "ಈಗಲೇ ಹೋಗಿ ಅದರ ಮೇಲೆ ಬಣ್ಣ ಬಳಿದು ಬರ್ತೀನಿ."

"ಬಣ್ಣ ಬಳಿದ್ರೆ ಅಸಹ್ಯ ಕಾಣ್ಸತ್ತೆ. ಸರಿಯಾದ ಬಾಣದ ಸ್ಟಿಕ್ಕರ್ ಮುದ್ರಿಸಿ ಕೊಡ್ತೀನಿ, ಇಪ್ಪತ್ತು ನಿಮಿಷ. ಏಳು ತಿಂಗಳು ನಿಂತಿದ್ದು ಇನ್ನೊಂದು ಗಳಿಗೆ ನಿಲ್ಲಲ್ವಾ?"

ಆ ಮಾತು ಆಡಿದ ನನ್ನ ಬಾಯಿಗೆ ಮಣ್ಣು ಹಾಕಬೇಕು. ಅವಳು ಕೂತಳು. ನಾನು ಮೆಷಿನ್ನಿಗೆ ಹಾಳೆ ಹಾಕಿದೆ. ಹಾಳೆ ಅರ್ಧ ಹೊರಬರುವಷ್ಟರಲ್ಲಿ ಮೇಜಿನ ಮೇಲಿನ ಚಹಾ ಲೋಟ ತಾನಾಗಿ ಸರಿಯತೊಡಗಿತು.

ಚಿಕ್ಕ ನಡುಕ ನಮಗೆ ಹೊಸದಲ್ಲ; ಎಣಿಸುತ್ತಾ ಕೂರುತ್ತೇವೆ, ಹತ್ತು ಎಣಿಸುವುದರೊಳಗೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಕಪಾಟು ಬಿತ್ತು, ಗಾಜು ಒಡೆಯಿತು, ನಾನು ಬಾಗಿಲ ಚೌಕಟ್ಟು ಹಿಡಿದು ಐವತ್ತರವರೆಗೆ ಎಣಿಸಿ ಎಣಿಕೆ ತಪ್ಪಿದೆ. ನಿಂತಾಗ ಇಡೀ ಬೀದಿ ಗುಡ್ಡದ ಕಡೆ ಓಡುತ್ತಿತ್ತು. ನೀರು ಬರುವುದಾದರೆ ಇಪ್ಪತ್ತು ನಿಮಿಷಕ್ಕೆ ಬರುತ್ತದೆ ಎಂದು ಶಾಲೆಯ ಮಕ್ಕಳಿಗೂ ಇಲ್ಲಿ ಬಾಯಿಪಾಠ.

ಯುಲ್ ಸಮುದ್ರದ ಕಡೆ ಓಡುತ್ತಿದ್ದಳು.

ನಾನು ಮೋಟಾರ್‌ಬೈಕ್ ಏರಿ ಗುಡ್ಡದ ಕಡೆ ತಿರುಗಿಸಿದ್ದೆ. ಸುಳ್ಳು ಯಾಕೆ ಹೇಳಲಿ. ಕೀಲಿಕೈ ಎರಡು ಸಲ ಜಾರಿ ಬಿತ್ತು. ಆಮೇಲೆ ಒಂದು ಗಳಿಗೆ ನಿಲ್ಲಲ್ವಾ ಎಂದ ನನ್ನದೇ ದನಿ ಕಿವಿಯಲ್ಲಿ ಮೊಳಗಿತು. ಶಾಪ ಹಾಕಿಕೊಳ್ಳುತ್ತಲೇ ಬೈಕ್ ತಿರುಗಿಸಿದೆ.

"ಹತ್ತು!" ಎಂದೆ ಅವಳ ಪಕ್ಕ ನಿಲ್ಲಿಸಿ. ಅವಳು ಉಸಿರು ಬಿಡದೆ ಹತ್ತಿದಳು.

ಮುವಾರಾ ಗಲ್ಲಿಯಲ್ಲಿ ಎದುರಿಗೆ ಬಂದವರೆಲ್ಲ ನಮಗೆ ಕೈ ಬೀಸಿ ಹಿಂದಕ್ಕೆ ಹೋಗಿ ಎನ್ನುತ್ತಿದ್ದರು. ಪಕ್ಕದ ಮನೆಯ ಸಾಲ್ಬಿಯಾ ಮೊಮ್ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಓಡುತ್ತಿದ್ದಳು. ಯುಲ್ ಅವಳ ತೋಳು ಹಿಡಿದಳು.

"ಮಾಕ್ ತುವೊ ಎಲ್ಲಿ?"

"ಕೈ ಹಿಡಿದು ಎಳೆದೆ ಕಣೇ! ಕೊಸರಿಕೊಂಡು ಹೋದ್ಲು. ಬೋರ್ಡ್ ತೋರಿಸಿ, ಇದು ನನ್ನ ಮಗಳು ಬರೆದಿದ್ದು, ನಿಮ್ಗೆಲ್ಲ ಏನ್ ಗೊತ್ತು ಅಂತ ನನ್ನೇ ಬೈದ್ಲು. ಮಗು ಇತ್ತು, ನಾನೇನ್ ಮಾಡ್ಲಿ?" ಅಳುತ್ತಲೇ ಅವಳು ಮುಂದಕ್ಕೆ ಓಡಿದಳು.

ಯುಲ್ ನನ್ನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಂಗಳದಲ್ಲಿ ಬೋರ್ಡು ಒಂದಿಷ್ಟೂ ವಾಲದೆ ನಿಂತಿತ್ತು. ಒಬ್ಬರೂ ಇಲ್ಲ. ಒಣಮೀನಿನ ತಟ್ಟಿಗಳು ಮಗುಚಿ ಬಿದ್ದಿದ್ದವು. ಸೇತುವೆಯ ಮೇಲೆ ಬಿರುಕು ಬಿಟ್ಟಿತ್ತು, ಕಣ್ಣು ಮುಚ್ಚಿ ದಾಟಿದೆ. ಅಷ್ಟೊತ್ತಿಗೆ ಹನ್ನೊಂದು ನಿಮಿಷ.

ಮರಳದಿಣ್ಣೆಯ ತುದಿಯಲ್ಲಿ, ನಕ್ಷೆಯಲ್ಲಿ ಬಾಣದ ಮೂತಿ ಇರುವ ಜಾಗದಲ್ಲಿ, ಬೋರಲು ಹಾಕಿದ ದೋಣಿಯ ಮೇಲೆ ಮಾಕ್ ತುವೊ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟು, ಬೆನ್ನ ಹಿಂದೆ ಸಮುದ್ರ. ನೀರು ಹಿಂದೆ ಸರಿದಿದೆಯೋ ಇಲ್ಲವೋ ನೋಡಲು ನನಗೆ ಧೈರ್ಯ ಬರಲಿಲ್ಲ. ನಮ್ಮನ್ನು ಕಂಡು ಅವಳು ಖುಷಿಯಿಂದ ಕೈ ಎತ್ತಿದಳು.

ಯುಲ್ ಅವಳನ್ನು ಬಾಚಿ ಎತ್ತಿ ನಮ್ಮಿಬ್ಬರ ನಡುವೆ ಕೂರಿಸಿದಳು. ಗಂಟು ಬಿದ್ದುಹೋಯಿತು ಎಂದು ಮುದುಕಿ ದಾರಿಯುದ್ದಕ್ಕೂ ಗೊಣಗಿದಳು. ಸೇತುವೆ, ಅಂಗಳ, ಬಜಾರು, ಗುಡ್ಡದ ಏರು. ನಾನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಮಸೀದಿಯ ಬಯಲಿಗೆ ಬಂದು ಅವರಿಬ್ಬರೂ ಇಳಿದ ಮೇಲೆ ಬೈಕ್ ಸಮೇತ ಮಗುಚಿಕೊಂಡೆ. ಹತ್ತೊಂಬತ್ತು ನಿಮಿಷ.

ನೀರು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದರೂ ಬರಲಿಲ್ಲ. ಯಾರೋ ಅಕ್ಕಿ ತಂದರು, ಯಾರೋ ಜೋಕು ಹೇಳಿದರು, ಜನ ನಗುವಷ್ಟು ಚೇತರಿಸಿಕೊಂಡರು.

ಮಾಕ್ ತುವೊ ಸುತ್ತ ಸೇರಿದ್ದ ಜನರನ್ನೆಲ್ಲ ನೋಡಿ, ಕಿವುಡರ ಗಟ್ಟಿ ದನಿಯಲ್ಲಿ ಹೇಳಿದಳು: "ಎಲ್ಲಾ ಇಲ್ಲಿದೀರಾ? ಅಲ್ಲಿಗೆ ಯಾರೂ ಬರ್ಲೇ ಇಲ್ಲ. ನಾನೇ ಮೊದ್ಲು ಅಂದ್ಕೊಂಡೆ." ಆಮೇಲೆ ಯುಲ್ ಕಡೆ ಬಾಗಿದಳು. "ನಂಗೂ ಒಂದು ಕ್ಷಣ ಅನ್ನಿಸ್ತು ಮಗಳೇ, ಸಮುದ್ರದ ಕಡೆ ಯಾಕೆ ಓಡ್ಬೇಕು ಅಂತ. ಆದ್ರೆ ಬಾಣ ಹಾಕಿದ್ದು ನೀನಲ್ವಾ?"

ಯುಲ್ ಅವಳ ಮೊಣಕಾಲ ಮೇಲೆ ಹಣೆಯಿಟ್ಟಳು. "ತಪ್ಪು ನಂದು ಮಾಕ್ ತುವೊ. ತಿರುಗಾಮುರುಗಾ ಹಾಕ್ಬಿಟ್ಟೆ. ನಿನ್ನ ನಾನೇ ಕೊಲ್ತಿದ್ದೆ" ಎಂದು ಬಯಲಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

ಮುದುಕಿಗೆ ಕೇಳಿಸಲಿಲ್ಲ. ಹೊಗಳಿಕೆ ಕೇಳುತ್ತಿದ್ದಾಳೆ ಅಂದುಕೊಂಡಳೋ ಏನೋ, ಹಿಂದೆ ಸೂಜಿ ಕಲಿಸುವಾಗ ಮಾಡುತ್ತಿದ್ದಂತೆ ಅವಳ ಬೆರಳುಗಳನ್ನು ಹಿಡಿದು ತಟ್ಟಿದಳು.

"ಅಳ್ಬೇಡ ಬಿಡು. ಎಷ್ಟು ಚೆನ್ನಾಗಿ ಎಳೆದಿದೀಯ. ದಿನಾ ಹೋಗಿ ನೋಡ್ತಿದ್ದೆ, ಒಂದು ಹೊಲಿಗೇನೂ ತಪ್ಪಿಲ್ಲ."